ಕ್ಲೋಟ್ರಿಮಜೋಲ್: ಹಚ್ಚಿದ ಜಾಗ ಬಿಟ್ಟು ಕದಲದ ಔಷಧ

(ಚರ್ಮದ ಶಿಲೀಂಧ್ರ ಸೋಂಕುಗಳ ಔಷಧಗಳ ಕುರಿತ ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಕೊನೆಯ ಭಾಗದಲ್ಲಿ ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳಿವೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಒಂದೇ ಔಷಧದ ಬಗ್ಗೆ: ಕ್ಲೋಟ್ರಿಮಜೋಲ್. ಹುಳುಕಡ್ಡಿ, ತೊಡೆಸಂದಿನ ತುರಿಕೆ, ಕಾಲ್ಬೆರಳ ಸಂದಿಯ ಸೋಂಕು, ಸಿಬ್ಬು, ಯೋನಿಯ ಕ್ಯಾಂಡಿಡಾ (ಯೀಸ್ಟ್ ಜಾತಿಯ ಶಿಲೀಂಧ್ರ) ಸೋಂಕು, ಬಾಯೊಳಗೆ ಕಟ್ಟುವ ಬಿಳಿ ಪೊರೆ, ಇಷ್ಟಕ್ಕೂ ಇದನ್ನು ಬಳಸುತ್ತಾರೆ. ಟ್ಯೂಬಿನ ಮೇಲೆ ಶೇ. 1 ಎಂದಿರುತ್ತದೆ. ಅಂದರೆ 1 ಗ್ರಾಂ ಕ್ರೀಮಿನಲ್ಲಿ 10 ಮಿಲಿಗ್ರಾಂ ಔಷಧ, ಮಿಕ್ಕ 990 ಮಿಲಿಗ್ರಾಂ ಅದನ್ನು ಹೊತ್ತು ತರುವ ಸಾಮಾನು. ಅರ್ಧ ಶತಮಾನ ದಾಟಿದ ಈ ಔಷಧದ ಬಗ್ಗೆ ನೆನಪಿಡಬೇಕಾದ ಸಂಗತಿ ಒಂದೇ. ಇದು ಹಚ್ಚಿದ ಜಾಗ ಬಿಟ್ಟು ಕದಲುವುದಿಲ್ಲ. ಇದರ ಗುಣವೂ ಅದೇ, ಮಿತಿಯೂ ಅದೇ. ಯಾರಿಗೆ ವಾಸಿಯಾಗುತ್ತದೆ, ಯಾರಿಗೆ ಆಗುವುದಿಲ್ಲ, ಹೋದದ್ದು ಮತ್ತೆ ಯಾಕೆ ಬರುತ್ತದೆ ಎಂಬ ಪ್ರಶ್ನೆಗಳಿಗೆಲ್ಲ ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲಬೇಕಾಗುತ್ತದೆ.

ಮೊದಲೇ ಒಂದು ಮಾತು. ಹುಳುಕಡ್ಡಿಯ ಹೆಸರಲ್ಲಿ ಹುಳುವಿದೆ, ರೋಗದಲ್ಲಿ ಹುಳುವಿಲ್ಲ. ಚರ್ಮದ ಮೇಲೆ ಕಾಣುವ ಉಂಗುರ, ನಡುವಿನಿಂದ ಹೊರಕ್ಕೆ ಎಲ್ಲ ದಿಕ್ಕಿಗೂ ಬೆಳೆಯುತ್ತ ಹೋದ ಶಿಲೀಂಧ್ರದ ಗಡಿ. ನಡುವೆ ಚರ್ಮ ತಿಳಿಯಾಗಿರುತ್ತದೆ; ಕೆಂಪು, ಹೊಟ್ಟು, ತುರಿಕೆ ಎಲ್ಲ ಅಂಚಿನಲ್ಲಿ. ಶಿಲೀಂಧ್ರ ಚುರುಕಾಗಿ ಬೆಳೆಯುತ್ತಿರುವುದು ಆ ಅಂಚಿನಲ್ಲೇ. ಮುಂದೆ ಹಚ್ಚುವ ವಿಧಾನ ಹೇಳುವಾಗ ಈ ಅಂಚು ಮತ್ತೆ ಬರುತ್ತದೆ.

ಅಣುವಿನ ಸ್ವಭಾವ

ಅಣುವಿನ ನಡುವೆ ಒಂದು ಇಂಗಾಲ ಕೂತಿದೆ. ಅದರ ನಾಲ್ಕು ಕೈಗಳಲ್ಲಿ ಮೂರು ಕೈಗಳು ಒಂದೊಂದು ಬೆಂಜೀನ್ ಉಂಗುರವನ್ನು ಹಿಡಿದಿವೆ. ಅವುಗಳಲ್ಲಿ ಒಂದರ ಮೇಲೆ ಒಂದು ಕ್ಲೋರಿನ್. ನಾಲ್ಕನೆಯ ಕೈಯಲ್ಲಿ ಇಮಿಡಜೋಲ್ ಎಂಬ ಐದು ಮೂಲೆಯ ಉಂಗುರ, ಅದರಲ್ಲಿ ಎರಡು ಸಾರಜನಕ. ಒಟ್ಟು 22 ಇಂಗಾಲ, 17 ಜಲಜನಕ, 1 ಕ್ಲೋರಿನ್, 2 ಸಾರಜನಕ, ಅಣುತೂಕ 344.8. ಮೂರು ಬೆಂಜೀನ್ ಉಂಗುರಗಳಲ್ಲಿ ಎರಡು ಒಂದೇ ಥರದವು ಆದ್ದರಿಂದ ಈ ಅಣುವಿಗೆ ಕನ್ನಡಿಯ ಬಿಂಬದಂಥ ಎಡ, ಬಲ ರೂಪಗಳಿಲ್ಲ. ಇದರ ಸೋದರ ಮೈಕೊನಜೋಲ್‌ಗೆ ಅವಿವೆ. ತಯಾರಿಸುವವರಿಗೆ ಇದರಿಂದ ಒಂದು ತಲೆನೋವು ಕಡಿಮೆ.

ಮೂರು ಬೆಂಜೀನ್ ಉಂಗುರಗಳ ಗೊಂಚಲು ಎಂದ ಮೇಲೆ ಅದಕ್ಕೆ ನೀರು ಹಿಡಿಸುವುದಿಲ್ಲ. ಬಿಳಿ ಪುಡಿಯನ್ನು ನೀರಿಗೆ ಹಾಕಿದರೆ ಕರಗಿತು ಎನ್ನುವಷ್ಟು ಕರಗುವುದೇ ಇಲ್ಲ. ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುತ್ತದೆ. ಎಣ್ಣೆಯಂಥ ದ್ರವವನ್ನೂ ನೀರನ್ನೂ ಒಟ್ಟಿಗಿಟ್ಟು ಕುಲುಕಿದರೆ ಇಡೀ ಔಷಧ ಎಣ್ಣೆಯ ಕಡೆಗೇ ಸೇರಿಕೊಳ್ಳುತ್ತದೆ. ನೀರಿನ ಪಾಲಿಗೆ ಉಳಿಯುವುದನ್ನು ಅಳೆಯಲು ಉಪಕರಣ ಬೇಕು. ಇಮಿಡಜೋಲ್‌ನ ಒಂದು ಸಾರಜನಕ ಮಾತ್ರ ತುಸು ಪ್ರತ್ಯಾಮ್ಲ ಗುಣದ್ದು, ಆ ಗುಣದ ಅಳತೆಯಾದ ಪಿಕೆಎ ಸುಮಾರು 6. ಆಮ್ಲೀಯ ಪರಿಸರದಲ್ಲಿ ಅದು ಪ್ರೋಟಾನ್ ಹಿಡಿದುಕೊಂಡಾಗ ಕರಗುವಿಕೆ ಸ್ವಲ್ಪ ಸುಧಾರಿಸುತ್ತದೆ. ಯೋನಿಯೊಳಗಿಡುವ ಮಾತ್ರೆಯ ವಿಷಯ ಬಂದಾಗ ಇದು ಉಪಯೋಗಕ್ಕೆ ಬರುತ್ತದೆ.

ಇದೇ ಆಮ್ಲ ಗಾಢವಾದರೆ ಕಥೆ ಬೇರೆ. ನಡುವಿನ ಇಂಗಾಲಕ್ಕೂ ಇಮಿಡಜೋಲ್‌ಗೂ ಇರುವ ಕೊಂಡಿ ಈ ಅಣುವಿನ ಅತಿ ಸಡಿಲವಾದ ಕೊಂಡಿ. ಕಾರಣ ಸರಳ: ಕೊಂಡಿ ತುಂಡಾದರೆ ಆ ಇಂಗಾಲದ ಮೇಲೆ ಉಳಿಯುವ ಧನ ವಿದ್ಯುದಂಶವನ್ನು ಮೂರೂ ಉಂಗುರಗಳು ಹಂಚಿಕೊಂಡು ಸಲೀಸಾಗಿ ಹೊರುತ್ತವೆ. ಹೀಗೆ ಬಿಟ್ಟುಹೋಗಲು ತಯಾರಾಗಿಯೇ ಇರುವ ಅಣು, ಬಲವಾದ ಆಮ್ಲ ಸಿಕ್ಕರೆ ಎರಡಾಗುತ್ತದೆ. ಒಂದು ಕಡೆ ಇಮಿಡಜೋಲ್, ಇನ್ನೊಂದು ಕಡೆ ಕ್ಲೋರೊಫಿನೈಲ್-ಡೈಫಿನೈಲ್-ಮೆಥನಾಲ್. ಎರಡರಲ್ಲಿ ಒಂದೂ ಮೂಲ ಔಷಧದ ಕೆಲಸ ಮಾಡುವುದಿಲ್ಲ. ಔಷಧದ ಗುಣಮಟ್ಟ ಪರೀಕ್ಷಿಸುವಾಗ ಮೊದಲು ಹುಡುಕುವ ಕಲ್ಮಶಗಳಲ್ಲಿ ಇವೆರಡೂ ಇವೆ. ಔಷಧ ಹಳತಾಗಿದೆ, ಬಿಸಿಲಲ್ಲಿ ಬಿದ್ದಿತ್ತು, ತಪ್ಪು ಪಿಎಚ್‌ನ ತಳಪಾಯದಲ್ಲಿ ಕಲಸಲಾಗಿದೆ ಎಂಬುದರ ಸುಳಿವು ಅಲ್ಲಿ ಸಿಗುತ್ತದೆ. ಕ್ಲೋಟ್ರಿಮಜೋಲ್ ಕ್ರೀಮಿಗೆ ಸ್ಯಾಲಿಸಿಲಿಕ್ ಆಮ್ಲದ ಮುಲಾಮನ್ನು ಅಂಗೈಯಲ್ಲೇ ಕಲಸಿ ಹಚ್ಚುವ ಅಭ್ಯಾಸ ಒಳ್ಳೆಯದಲ್ಲ ಎನ್ನುವುದಕ್ಕೆ ಇದೂ ಒಂದು ಕಾರಣ. ಎರಡೂ ಬೇಕಿದ್ದರೆ ಬೇರೆ ಬೇರೆ ಹೊತ್ತಿನಲ್ಲಿ ಹಚ್ಚಬೇಕು.

ತಯಾರಿಕೆಯ ಕೊನೆಯ ಹಂತ ಇದೇ ಕ್ರಿಯೆಯ ತಿರುಗುಮುರುಗು. ಮೂರು ಉಂಗುರಗಳಿರುವ ಕ್ಲೋರೈಡನ್ನು ಇಮಿಡಜೋಲ್ ಜೊತೆ ಸೇರಿಸಿ, ಹುಟ್ಟುವ ಆಮ್ಲವನ್ನು ಹೀರಿಕೊಳ್ಳಲು ಟ್ರೈಈಥೈಲಮೀನ್‌ನಂಥ ಪ್ರತ್ಯಾಮ್ಲ ಹಾಕುತ್ತಾರೆ. ಆ ಆಮ್ಲವನ್ನು ಹೀರದೆ ಬಿಟ್ಟರೆ ಕಟ್ಟಿದ್ದನ್ನು ಅದೇ ಕೆಡವುತ್ತದೆ.

ನುಂಗುವ ಔಷಧವಾಗಲು ಹೋಗಿ ಸೋತದ್ದು

ಕ್ಲೋಟ್ರಿಮಜೋಲ್ ಸೇರಿರುವ ಆಜೋಲ್ ಗುಂಪಿನ ಸುಳಿವು ಸಿಕ್ಕಿದ್ದು 1944ರಲ್ಲಿ, ಬೆಂಜಿಮಿಡಜೋಲ್ ಶಿಲೀಂಧ್ರದ ಬೆಳವಣಿಗೆ ತಡೆಯುತ್ತದೆ ಎಂಬ ವರದಿಯಿಂದ. 1958ರಲ್ಲಿ ಕ್ಲೋರ್ಮಿಡಜೋಲ್ ಚರ್ಮಕ್ಕೆ ಹಚ್ಚುವ ಮೊದಲ ಆಜೋಲ್ ಆಗಿ ಬಂತು. 1960ರ ದಶಕದ ಕೊನೆಯಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲಿ ಕ್ಲೋಟ್ರಿಮಜೋಲ್, ಬೆಲ್ಜಿಯಂನ ಜಾನ್ಸೆನ್‌ನಲ್ಲಿ ಮೈಕೊನಜೋಲ್ ಹೆಚ್ಚುಕಡಿಮೆ ಒಟ್ಟಿಗೆ ಹೊರಬಂದವು.

ಆಗ ಕ್ಲೋಟ್ರಿಮಜೋಲನ್ನು ಬಾಯಿ ಮೂಲಕವೂ ಕೊಟ್ಟು ನೋಡಿದರು. ದೇಹದೊಳಗಿನ ಶಿಲೀಂಧ್ರ ಸೋಂಕುಗಳಿಗೆ ಆಗ ಇದ್ದದ್ದು ಮುಖ್ಯವಾಗಿ ಆಂಫೊಟೆರಿಸಿನ್. ಅದನ್ನು ರಕ್ತನಾಳಕ್ಕೇ ಕೊಡಬೇಕು, ಕಿಡ್ನಿಗೆ ಕಷ್ಟ. ಹಾಗಾಗಿ ನುಂಗುವ ಮಾತ್ರೆಯ ಆಸೆ ದೊಡ್ಡದಿತ್ತು. ಆದದ್ದೇನೆಂದರೆ, ವಾಂತಿ, ಹೊಟ್ಟೆ ತೊಳಸು ಒಂದು ಕಡೆ. ಇನ್ನೊಂದು ಕಡೆ ಔಷಧ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿತು. ತನ್ನನ್ನು ಕತ್ತರಿಸಿ ಹೊರಹಾಕುವ ಯಕೃತ್ತಿನ ಕಿಣ್ವಗಳನ್ನು ಅದೇ ಹೆಚ್ಚಿಸುತ್ತದೆ. ಮೊದಮೊದಲು ರಕ್ತದಲ್ಲಿ ಸಿಗುತ್ತಿದ್ದ ಮಟ್ಟ, ಅದೇ ಪ್ರಮಾಣ ಕೊಡುತ್ತಿದ್ದರೂ ದಿನ ಕಳೆದಂತೆ ಕುಸಿಯಿತು. ಹೀಗೆ ನುಂಗುವ ದಾರಿ ಮುಚ್ಚಿ, ಔಷಧ ಚರ್ಮಕ್ಕೂ ಲೋಳೆಪೊರೆಗೂ ಸೀಮಿತವಾಯಿತು.

ಶಿಲೀಂಧ್ರದ ಮೇಲೆ ಏನು ಮಾಡುತ್ತದೆ

ನಮ್ಮ ಜೀವಕೋಶದ ಪೊರೆಯನ್ನು ಬಿಗಿಯಾಗಿಡುವುದು ಕೊಲೆಸ್ಟೆರಾಲ್. ಶಿಲೀಂಧ್ರದಲ್ಲಿ ಅದೇ ಕೆಲಸಕ್ಕೆ ಎರ್ಗೊಸ್ಟೆರಾಲ್ ಇದೆ. ಈ ಒಂದು ವ್ಯತ್ಯಾಸವನ್ನು ನಂಬಿಕೊಂಡೇ ಶಿಲೀಂಧ್ರ ಔಷಧಗಳ ದೊಡ್ಡ ಪಾಲು ನಿಂತಿದೆ. ಎರ್ಗೊಸ್ಟೆರಾಲ್ ತಯಾರಾಗುವ ಸರಣಿಯಲ್ಲಿ ಲ್ಯಾನೊಸ್ಟೆರಾಲ್ ಎಂಬ ಕಚ್ಚಾವಸ್ತುವಿನ 14ನೇ ಇಂಗಾಲದ ಮೇಲಿರುವ ಮಿಥೈಲ್ ಗುಂಪನ್ನು ಕಿತ್ತುಹಾಕಬೇಕು. ಕೀಳುವ ಕಿಣ್ವ 14-ಆಲ್ಫಾ-ಡಿಮಿಥೈಲೇಸ್. ಅದರ ಹೊಟ್ಟೆಯಲ್ಲಿ ಹೀಮ್ ಇದೆ, ಹೀಮ್ ನಡುವೆ ಕಬ್ಬಿಣ. ಆಮ್ಲಜನಕ ಬಂದು ಕೂರಬೇಕಾದ ಆ ಕಬ್ಬಿಣದ ಮೇಲೆ ಕ್ಲೋಟ್ರಿಮಜೋಲ್‌ನ ಸಾರಜನಕ ಹೋಗಿ ಕೂರುತ್ತದೆ. ಮೂರು ಬೆಂಜೀನ್ ಉಂಗುರಗಳು ಲ್ಯಾನೊಸ್ಟೆರಾಲ್ ಇಳಿಯಬೇಕಾದ ಕುಳಿಯನ್ನು ತುಂಬಿಬಿಡುತ್ತವೆ.

ಪರಿಣಾಮ ಎರಡು. ಎರ್ಗೊಸ್ಟೆರಾಲ್ ಕಡಿಮೆಯಾಗುತ್ತದೆ, ಮಿಥೈಲ್ ಉಳಿದ ಅರೆಬರೆ ಸ್ಟೆರಾಲ್‌ಗಳು ಪೊರೆಯಲ್ಲಿ ಸೇರಿಕೊಳ್ಳುತ್ತವೆ. ಪೊರೆ ಹದ ಕೆಟ್ಟು ಸೋರುತ್ತದೆ, ಅದರಲ್ಲಿ ನಾಟಿಕೊಂಡಿರುವ ಕಿಣ್ವಗಳ ಕೆಲಸ ಏರುಪೇರಾಗುತ್ತದೆ, ಬೆಳವಣಿಗೆ ನಿಲ್ಲುತ್ತದೆ. ನಿಲ್ಲುತ್ತದೆ ಎನ್ನುತ್ತಿದ್ದೇನೆ, ಸಾಯುತ್ತದೆ ಎನ್ನುತ್ತಿಲ್ಲ. ಸಾಮಾನ್ಯ ಸಾಂದ್ರತೆಯಲ್ಲಿ ಇದು ಬೆಳವಣಿಗೆ ತಡೆಯುವ ಔಷಧ. ಸಾಂದ್ರತೆ ಬಹಳ ಹೆಚ್ಚಾದ ಕಡೆ ಪೊರೆಯನ್ನು ನೇರವಾಗಿಯೇ ಹಾಳುಮಾಡಿ ಕೊಲ್ಲಲೂಬಹುದು. ಅದೂ ಬೆಳೆಯುತ್ತಿರುವ ಎಳೆಗಳ ಮೇಲೆ. ಮಲಗಿರುವ ಬೀಜಕಣಗಳಿಗೆ ಇದರ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ಬೀಜಕಣ ಹೊಸ ಪೊರೆ ಕಟ್ಟುತ್ತಿಲ್ಲ, ಹಾಗಾಗಿ ಹೊಸ ಎರ್ಗೊಸ್ಟೆರಾಲ್ ಅದಕ್ಕೆ ತುರ್ತಿಲ್ಲ.

ಟರ್ಬಿನಾಫಿನ್ ಎಂಬ ಇನ್ನೊಂದು ಶಿಲೀಂಧ್ರ ಔಷಧದ ಜೊತೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಅದು ಇದೇ ಸರಣಿಯಲ್ಲಿ ಇನ್ನೂ ಮೊದಲೇ, ಸ್ಕ್ವಾಲೀನ್ ಹಂತದಲ್ಲಿ ಅಡ್ಡಹಾಕುತ್ತದೆ. ಎರ್ಗೊಸ್ಟೆರಾಲ್ ಕಡಿಮೆಯಾಗುವುದರ ಜೊತೆಗೆ ಸ್ಕ್ವಾಲೀನ್ ಜೀವಕೋಶದೊಳಗೆ ತುಂಬಿ ಹುಳುಕಡ್ಡಿಯ ಶಿಲೀಂಧ್ರವನ್ನು ಕೊಲ್ಲುತ್ತದೆ. ಕಾಲ್ಬೆರಳ ಸಂದಿಯ ಸೋಂಕಿಗೆ ಟರ್ಬಿನಾಫಿನ್ ಕ್ರೀಮ್ ಒಂದು ವಾರ ಸಾಕಾಗಬಹುದು. ಕ್ಲೋಟ್ರಿಮಜೋಲ್‌ಗೆ ನಾಲ್ಕು ವಾರ ಬೇಕು. ಹಾಗಂತ ಟರ್ಬಿನಾಫಿನ್ ಎಲ್ಲ ಕಡೆ ಮೇಲಲ್ಲ. ಕ್ಯಾಂಡಿಡಾ ಮೇಲೆ ಅದು ಸಪ್ಪೆ, ಕ್ಲೋಟ್ರಿಮಜೋಲ್ ಚುರುಕು. ಮಡಿಕೆಗಳಲ್ಲಿ ಕ್ಯಾಂಡಿಡಾವೋ ಹುಳುಕಡ್ಡಿಯೋ ಎಂಬ ಅನುಮಾನವಿದ್ದಾಗ ಎರಡನ್ನೂ ಹಿಡಿಯುವ ಕ್ಲೋಟ್ರಿಮಜೋಲ್ ಹೆಚ್ಚು ಜಾಣ ಆಯ್ಕೆ.

ಎಷ್ಟು ಆಳಕ್ಕೆ ಇಳಿಯುತ್ತದೆ

ಇಡೀ ಉಪನ್ಯಾಸದಲ್ಲಿ ಒಂದೇ ಲೆಕ್ಕ ನೆನಪಿಟ್ಟುಕೊಳ್ಳಿ ಎಂದರೆ ಇದನ್ನೇ ಹೇಳಬೇಕು. ವಿಕಿರಣದ ಗುರುತು ಹಾಕಿದ ಶೇ. 1 ಕ್ಲೋಟ್ರಿಮಜೋಲನ್ನು ಚರ್ಮಕ್ಕೆ ಹಚ್ಚಿ, ಆರು ಗಂಟೆ ಬಿಟ್ಟು ಪದರ ಪದರವಾಗಿ ಅಳೆದಿದ್ದಾರೆ. ಅತಿ ಹೊರಗಿನ ಸತ್ತ ಪದರದಲ್ಲಿ ಪ್ರತಿ ಘನ ಸೆಂಟಿಮೀಟರಿಗೆ 100 ಮೈಕ್ರೋಗ್ರಾಂ. ಕೆಳಗಿನ ಒಳಚರ್ಮದಲ್ಲಿ 0.5ರಿಂದ 1 ಮೈಕ್ರೋಗ್ರಾಂ. ಅದಕ್ಕೂ ಕೆಳಗಿನ ಕೊಬ್ಬಿನ ಪದರದಲ್ಲಿ 0.1. ಹಚ್ಚಿದ್ದರಲ್ಲಿ ಮೂತ್ರದಲ್ಲಿ ಕಂಡದ್ದು ಶೇ. 0.5 ಅಥವಾ ಅದಕ್ಕೂ ಕಡಿಮೆ. ರಕ್ತದಲ್ಲಿ ಅಳತೆಗೆ ಸಿಗುವಷ್ಟೂ ಇರಲಿಲ್ಲ.

ಮೇಲಿನ ಪದರಕ್ಕೂ ಕೆಳಗಿನದಕ್ಕೂ ನೂರು ಪಟ್ಟಿನ ಅಂತರ. ಹುಳುಕಡ್ಡಿಯ ಶಿಲೀಂಧ್ರ ಬದುಕುವುದು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನನ್ನು ತಿಂದು, ಅಂದರೆ ಆ ಸತ್ತ ಪದರದಲ್ಲೇ. ಕಳ್ಳನೂ ಪೊಲೀಸನೂ ಒಂದೇ ಕೋಣೆಯಲ್ಲಿದ್ದ ಹಾಗೆ. ಎಣ್ಣೆಪ್ರಿಯ ಅಣುವಾದ್ದರಿಂದ ಆ ಪದರದ ಕೊಬ್ಬಿನಂಶದಲ್ಲಿ ಸೇರಿಕೊಂಡು, ಕೆಳಗಿನ ನೀರಿನಂಶದ ಪದರಕ್ಕೆ ಇಳಿಯಲು ಮನಸ್ಸು ಮಾಡುವುದಿಲ್ಲ. ರಕ್ತಕ್ಕೆ ಸೇರದ್ದರಿಂದ ಯಕೃತ್ತಿಗೆ ತೊಂದರೆ, ಇತರ ಮಾತ್ರೆಗಳ ಜೊತೆ ತಿಕ್ಕಾಟ ಇಲ್ಲ ಎನ್ನುವಷ್ಟು ಕಡಿಮೆ.

ಇನ್ನು ಅದೇ ಲೆಕ್ಕವನ್ನು ತಿರುಗಿಸಿ ಓದಿ. ಶಿಲೀಂಧ್ರ ಕೂದಲ ಬುಡಕ್ಕೆ ಇಳಿದಿದ್ದರೆ, ಅಲ್ಲಿಗೆ ಬೇಕಾದಷ್ಟು ಔಷಧ ಮುಟ್ಟುವ ಭರವಸೆಯಿಲ್ಲ. ತಲೆಯ ಹುಳುಕಡ್ಡಿ ಬರೀ ಕ್ರೀಮಿಗೆ ಬಗ್ಗದಿರುವುದು ಇದರಿಂದ. ಗಡ್ಡದ ಜಾಗ, ಕೂದಲು ಬೋಳಿಸುವ ಕಾಲು ಇವುಗಳ ಮೇಲೆ ಗುಳ್ಳೆಗಳ ಜೊತೆ ಬರುವ ಹುಳುಕಡ್ಡಿಯೂ ಹಾಗೆಯೇ. ಉಗುರಿನದೂ ಅದೇ ಪಾಡು: ದಪ್ಪ ಫಲಕ, ಅದರಡಿಯಲ್ಲಿ ಶಿಲೀಂಧ್ರ, ಮೇಲೆ ಎಷ್ಟು ಕ್ರೀಮ್ ಉಜ್ಜಿದರೂ ಕೆಳಗೆ ತಲುಪುವುದು ಲೆಕ್ಕಕ್ಕಿಲ್ಲ. ಈ ಮೂರು ಕಡೆ ನುಂಗುವ ಔಷಧ ಬೇಕಾಗುತ್ತದೆ, ಅದನ್ನು ವೈದ್ಯರೇ ನಿರ್ಧರಿಸಬೇಕು. ಕಾಲಿನ ಸೋಂಕು ವಾಸಿಯಾಗಿ ವಾಸಿಯಾಗಿ ಮತ್ತೆ ಬರುತ್ತಿದೆ ಎನ್ನುವವರು ತಮ್ಮ ಹೆಬ್ಬೆರಳ ಉಗುರನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಉಗ್ರಾಣ ಅಲ್ಲಿರುತ್ತದೆ.

ಹಚ್ಚುವುದು

ಜಾಗವನ್ನು ತೊಳೆದು ಒರೆಸಿ, ಪೂರ್ತಿ ಆರಲು ಬಿಡಬೇಕು. ಬೆರಳ ಸಂದಿ, ತೊಡೆಸಂದುಗಳಲ್ಲಿ ಇದು ಔಪಚಾರಿಕತೆ ಅಲ್ಲ. ಒದ್ದೆಯಾಗಿ ಬೆಳ್ಳಗೆ ಉಬ್ಬಿದ ಚರ್ಮದ ಮೇಲೆ ಕ್ರೀಮ್ ಜಾರುತ್ತದೆ, ಇನ್ನಷ್ಟು ತೇವ ಕಟ್ಟುತ್ತದೆ, ಶಿಲೀಂಧ್ರಕ್ಕೆ ಅನುಕೂಲವಾಗುತ್ತದೆ.

ಎಷ್ಟು ಹಚ್ಚಬೇಕು? ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಕ್ರೀಮನ್ನು ಒಂದು ಎಳೆಯಾಗಿ ಹಿಂಡಿದರೆ ಸುಮಾರು 0.5 ಗ್ರಾಂ ಆಗುತ್ತದೆ. ಇದು ಬೆರಳು ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಅಂಗೈಯಷ್ಟೇ ಅಗಲದ ಮಚ್ಚೆಗೆ ಅದರರ್ಧ. ಹಚ್ಚಿದ ಮೇಲೆ ಚರ್ಮ ಬೆಳ್ಳಗೆ ಉಳಿದರೆ ಹೆಚ್ಚಾಯಿತು ಎಂದರ್ಥ; ದಪ್ಪ ಬಳಿದರೆ ಬೇಗ ವಾಸಿಯಾಗುವುದಿಲ್ಲ, ಬಟ್ಟೆಗೆ ಹತ್ತಿ ಹೋಗುತ್ತದೆ ಅಷ್ಟೆ. ಎರಡು ಅಂಗೈ ಜಾಗಕ್ಕೆ ದಿನಕ್ಕೆರಡು ಬಾರಿ ಎಂದರೆ ದಿನಕ್ಕೆ 1 ಗ್ರಾಂ, ನಾಲ್ಕು ವಾರಕ್ಕೆ 28 ಗ್ರಾಂ. 15 ಗ್ರಾಂನ ಟ್ಯೂಬ್ ಎರಡು ವಾರ ಮುಗಿಯುವಷ್ಟರಲ್ಲಿ ಖಾಲಿ. ಆ ಹೊತ್ತಿಗೆ ತುರಿಕೆಯೂ ನಿಂತಿರುತ್ತದೆ. ಎರಡನೆಯ ಟ್ಯೂಬ್ ಯಾರೂ ತರುವುದಿಲ್ಲ. ಮರುಕಳಿಕೆಯ ಎಷ್ಟೋ ಪ್ರಕರಣಗಳ ಹಿಂದೆ ಇರುವುದು ಈ ಚಿಕ್ಕ ಗಣಿತ.

ಕೈ ಎಲ್ಲಿಂದ ಎಲ್ಲಿಗೆ ಹೋಗಬೇಕು ಎನ್ನುವುದನ್ನೂ ಹೇಳಬೇಕು. ಹೆಚ್ಚಿನವರು ಉಂಗುರದ ನಡುವೆ ಒಂದು ಬೊಟ್ಟಿಟ್ಟು, ತಿಕ್ಕಿ, ಅಂಚಿಗೆ ಬರುವಷ್ಟರಲ್ಲಿ ಬೆರಳು ಒಣಗಿರುತ್ತದೆ. ಔಷಧವೆಲ್ಲ ಶಿಲೀಂಧ್ರ ಬಿಟ್ಟುಹೋದ ನಡುಭಾಗಕ್ಕೆ. ಹಚ್ಚುವುದನ್ನು ಹೊರಗಿನಿಂದ ಶುರುಮಾಡಿ. ಕೆಂಪು ಅಂಚಿನ ಆಚೆ ಸುಮಾರು 2 ಸೆಂಟಿಮೀಟರ್, ಅಂದರೆ ಹೆಬ್ಬೆರಳಿನ ಅಗಲದಷ್ಟು, ನೋಡಲು ಚೆನ್ನಾಗಿರುವ ಚರ್ಮದಿಂದ ಸುತ್ತು ಬಂದು ಒಳಕ್ಕೆ ತನ್ನಿ. ಕಣ್ಣಿಗೆ ಕಾಣದ ಎಳೆಗಳು ಆ ಪಟ್ಟಿಯಲ್ಲಿರುತ್ತವೆ. ಹೊರಗಿನಿಂದ ಒಳಕ್ಕೆ ಬಂದರೆ ಅಂಚಿನ ಹೊಟ್ಟನ್ನು ಚೆನ್ನಾಗಿರುವ ಚರ್ಮಕ್ಕೆ ಸಾಗಿಸಿದಂತೆಯೂ ಆಗುವುದಿಲ್ಲ. ಮುಗಿದ ಮೇಲೆ ಕೈ ತೊಳೆದುಕೊಳ್ಳಿ.

ದಿನಕ್ಕೆ ಎರಡರಿಂದ ಮೂರು ಬಾರಿ. ಮೈಯ ಹುಳುಕಡ್ಡಿಗೆ ಕನಿಷ್ಠ ನಾಲ್ಕು ವಾರ, ಪಾದಕ್ಕೂ ನಾಲ್ಕು. ಕ್ಯಾಂಡಿಡಾ ಸೋಂಕಿಗೆ ಕನಿಷ್ಠ ಎರಡು. ಈ ವಾರಗಳು ಯಾರೋ ಸುಮ್ಮನೆ ಇಟ್ಟ ಲೆಕ್ಕವಲ್ಲ. ಔಷಧ ಶಿಲೀಂಧ್ರವನ್ನು ನಿಲ್ಲಿಸುತ್ತದೆ, ಹೊರಹಾಕುವ ಕೆಲಸ ಚರ್ಮದ್ದು. ಹೊರಪದರ ಪೂರ್ತಿ ಉದುರಿ ಹೊಸದಾಗಲು ಎರಡು ವಾರದ ಆಸುಪಾಸು ಬೇಕು, ತಳದಲ್ಲಿ ಹುಟ್ಟಿದ ಕೋಶ ಮೇಲೆ ಬಂದು ಉದುರುವವರೆಗಿನ ಪಯಣಕ್ಕೆ ಅದರ ಎರಡರಷ್ಟು. ಅಂಗಾಲಿನ ಪದರ ಬೇರೆಡೆಗಿಂತ ಎಷ್ಟೋ ಪಟ್ಟು ದಪ್ಪ. ಬೀಜಕಣ ಹೊತ್ತ ಕೊನೆಯ ಹೊಟ್ಟು ಉದುರುವ ತನಕ ಕಾವಲು ಇರಬೇಕು. ತುರಿಕೆ ಮೊದಲ ವಾರದಲ್ಲೇ ನಿಲ್ಲುತ್ತದೆ, ಅದನ್ನು ವಾಸಿಯ ಗುರುತೆಂದು ಹಿಡಿದವರು ಮೋಸ ಹೋಗುತ್ತಾರೆ. ಮಚ್ಚೆ ಮಾಯವಾದ ಮೇಲೂ ಒಂದೆರಡು ವಾರ ಹಚ್ಚಿ.

ಪಾದ ಮತ್ತು ತೊಡೆಸಂದು ಎರಡೂ ಕಡೆ ಇದ್ದರೆ ಎರಡಕ್ಕೂ ಒಟ್ಟಿಗೆ ಚಿಕಿತ್ಸೆಯಾಗಬೇಕು. ಕಾಲುಚೀಲವನ್ನು ಮೊದಲು ಹಾಕಿಕೊಂಡು ಆಮೇಲೆ ಒಳಉಡುಪು ಹಾಕಿಕೊಳ್ಳುವುದು ಹಾಸ್ಯಾಸ್ಪದವಾಗಿ ಕಂಡರೂ ಕೆಲಸ ಮಾಡುವ ಉಪಾಯ. ಪಾದದ ಶಿಲೀಂಧ್ರ ತೊಡೆಸಂದಿಗೆ ಬರುವ ದಾರಿ ಆ ಬಟ್ಟೆಯೇ. ಟವೆಲ್ ಬೇರೆ ಇರಲಿ, ಬಟ್ಟೆಯನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಕ್ಲೋಟ್ರಿಮಜೋಲ್ ಪುಡಿ ಈ ಹಂತದಲ್ಲಿ, ಅಂದರೆ ವಾಸಿಯಾದ ಮೇಲೆ ಸಂದಿಗಳನ್ನು ಒಣಗಿಸಿಡಲು, ಉಪಯೋಗಕ್ಕೆ ಬರುತ್ತದೆ. ಸೋಂಕಿದ್ದಾಗ ಬರೀ ಪುಡಿ ಉದುರಿಸಿದರೆ ಸಾಲದು.

ಸ್ಟೀರಾಯ್ಡ್ ಸೇರಿದ ಟ್ಯೂಬುಗಳು

ಒಂದು ಬದಿಗೆ ಕ್ಲೋಟ್ರಿಮಜೋಲ್, ಇನ್ನೊಂದು ಬದಿಗೆ ಬೀಟಾಮೆಥಸೋನ್‌ನಂಥ ಬಲವಾದ ಸ್ಟೀರಾಯ್ಡ್, ಕೆಲವದರಲ್ಲಿ ಬ್ಯಾಕ್ಟೀರಿಯಾಕ್ಕೆಂದು ಇನ್ನೊಂದು. ಎಲ್ಲಕ್ಕೂ ಒಂದೇ ಮದ್ದು ಎನ್ನುವ ಈ ಕ್ರೀಮುಗಳ ಮೇಲೆ ನಮಗೆ ಒಳ್ಳೆಯ ಅಭಿಪ್ರಾಯವಿಲ್ಲ, ಮುಚ್ಚಿಟ್ಟುಕೊಳ್ಳುವುದೂ ಇಲ್ಲ. ಸ್ಟೀರಾಯ್ಡ್ ಕೆಂಪನ್ನೂ ತುರಿಕೆಯನ್ನೂ ಎರಡೇ ದಿನದಲ್ಲಿ ಇಳಿಸುತ್ತದೆ. ಕೆಂಪು, ತುರಿಕೆ ಎಂದರೆ ನಮ್ಮ ದೇಹ ಶಿಲೀಂಧ್ರದ ಜೊತೆ ನಡೆಸುತ್ತಿರುವ ಜಗಳದ ಸದ್ದು. ಸದ್ದು ಅಡಗಿತು, ಕಳ್ಳ ಒಳಗೇ ಉಳಿದ. ಬೆಳವಣಿಗೆ ತಡೆಯುವ ಔಷಧವಾದ ಕ್ಲೋಟ್ರಿಮಜೋಲ್‌ಗೆ ದೇಹದ ಪ್ರತಿರೋಧ ಜೊತೆಗಿರಬೇಕು. ಸ್ಟೀರಾಯ್ಡ್ ಅದನ್ನೇ ಕಟ್ಟಿಹಾಕುತ್ತದೆ. ನಿಲ್ಲಿಸಿದ ಕೂಡಲೇ ತುರಿಕೆ ಭುಗಿಲೆದ್ದು, ಅದನ್ನಡಗಿಸಲು ಮತ್ತದೇ ಟ್ಯೂಬ್. ತಿಂಗಳುಗಟ್ಟಲೆ ಹೀಗೆ ನಡೆದರೆ ಉಂಗುರದ ಆಕಾರ ಅಳಿಸಿ, ಅಂಚು ಮಸುಕಾಗಿ, ಉಂಗುರದೊಳಗೆ ಉಂಗುರ ಹುಟ್ಟಿ, ನುರಿತ ಕಣ್ಣಿಗೂ ಗುರುತು ಸಿಗದ ಹಾಗಾಗುತ್ತದೆ. ತೊಡೆಸಂದಿನ ತೆಳುಚರ್ಮ ಇನ್ನೂ ತೆಳುವಾಗಿ ಬಸುರಿಯ ಹೊಟ್ಟೆಯ ಮೇಲಿನ ಗೆರೆಗಳಂಥ ಗೆರೆಗಳು ಬೀಳುತ್ತವೆ. ಅವು ಅಳಿಸುವುದಿಲ್ಲ.

ಬೀಟಾಮೆಥಸೋನ್ ಸೇರಿದ ಕ್ರೀಮನ್ನು 17 ವರ್ಷದೊಳಗಿನವರಿಗೆ ಬಳಸಬಾರದು, ತೊಡೆಸಂದಿನಲ್ಲಿ ಎರಡು ವಾರ ಮೀರಬಾರದು ಎಂಬ ಎಚ್ಚರಿಕೆ ಅಮೆರಿಕದ ಲೇಬಲ್ಲಿನಲ್ಲೇ ಇದೆ. ಮಗುವಿನ ಡೈಪರ್ ಜಾಗಕ್ಕಂತೂ ಬೇಡವೇ ಬೇಡ: ಪ್ಲಾಸ್ಟಿಕ್ ಹೊದಿಕೆಯಡಿ ಸ್ಟೀರಾಯ್ಡ್ ಹೀರಿಕೆ ಹೆಚ್ಚುತ್ತದೆ.

ಚರ್ಮದಾಚೆ

ಯೋನಿಯ ಕ್ಯಾಂಡಿಡಾಕ್ಕೆ 100 ಮಿಲಿಗ್ರಾಂ ಮಾತ್ರೆ ಆರು ರಾತ್ರಿ, 200 ಮಿಲಿಗ್ರಾಂ ಮೂರು ರಾತ್ರಿ, ಇಲ್ಲವೇ 500 ಮಿಲಿಗ್ರಾಂ ಒಂದೇ ರಾತ್ರಿ. ಮಾತ್ರೆ ಕರಗಲು ತೇವವೂ ಆಮ್ಲವೂ ಬೇಕು, ಅದಕ್ಕೇ ಕೆಲವು ತಯಾರಿಕೆಗಳಲ್ಲಿ ಲ್ಯಾಕ್ಟಿಕ್ ಆಮ್ಲ ಸೇರಿಸಿರುತ್ತಾರೆ. ಮಲಗುವ ಮುಂಚೆ ಆದಷ್ಟು ಒಳಗೆ ಇಡಬೇಕು. ಬೆಳಿಗ್ಗೆ ತುಂಡುಗಳು ಹೊರಬಂದರೆ ಒಳಗೆ ತೇವ ಸಾಲಲಿಲ್ಲ ಎಂದರ್ಥ. ಅಂಥವರಿಗೆ ಕ್ರೀಮ್ ಮೇಲು. ಮುಟ್ಟಿನ ದಿನಗಳಲ್ಲಿ ಶುರುಮಾಡಬೇಡಿ, ತೊಳೆದುಹೋಗುತ್ತದೆ. ಇಲ್ಲಿ ಹೀರಿಕೆ ಶೇ. 3ರಿಂದ 10, ಚರ್ಮಕ್ಕಿಂತ ಹೆಚ್ಚು. ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಬಳಸಬೇಕು, ಮಾತ್ರೆ ಇಡುವ ಕಡ್ಡಿಯ ಬದಲು ಬೆರಳನ್ನೇ ಬಳಸಬೇಕು. ಈ ಕ್ರೀಮು, ಮಾತ್ರೆಗಳು ಲೇಟೆಕ್ಸ್ ಕಾಂಡೋಮನ್ನು ದುರ್ಬಲಗೊಳಿಸುತ್ತವೆ ಎಂಬುದನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ಹೇಳುತ್ತಿದ್ದೇನೆ.

ಬಾಯಿಗೆ 10 ಮಿಲಿಗ್ರಾಂ ಚೀಪುವ ಮಾತ್ರೆ ಇದೆ. ದಿನಕ್ಕೆ ಐದು, ಎರಡು ವಾರ. ಅಗಿದು ನುಂಗಿದರೆ ವ್ಯರ್ಥ, ಚೀಪುತ್ತ ಹದಿನೈದು ನಿಮಿಷವಾದರೂ ಬಾಯಲ್ಲಿರಬೇಕು. ಕಿಡ್ನಿ ಕಸಿಯಾಗಿ, ಅದನ್ನು ದೇಹ ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್ ತೆಗೆದುಕೊಳ್ಳುತ್ತಿರುವವರು ಇದನ್ನಾಗಲಿ ಯೋನಿ ಮಾತ್ರೆಯನ್ನಾಗಲಿ ವೈದ್ಯರಿಗೆ ತಿಳಿಸದೆ ಬಳಸಬಾರದು. ಶಿಲೀಂಧ್ರದ ಕಿಣ್ವಕ್ಕೆ ಅಂಟುವ ಆ ಸಾರಜನಕ ನಮ್ಮ ಕರುಳು, ಯಕೃತ್ತುಗಳ ಕಿಣ್ವಕ್ಕೂ ಅಂಟುತ್ತದೆ, ಟ್ಯಾಕ್ರೊಲಿಮಸ್ ಮಟ್ಟ ಏರುತ್ತದೆ. ಮೈಕೊನಜೋಲ್‌ನ ಬಾಯಿ ಜೆಲ್ ಹೀಗೆಯೇ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನ ಪರಿಣಾಮವನ್ನು ಅಪಾಯದ ಮಟ್ಟಕ್ಕೆ ಏರಿಸಬಲ್ಲದು. ಕ್ರೀಮ್ ನಿರುಪದ್ರವಿ ಎಂಬ ಮಾತು ಚರ್ಮಕ್ಕಷ್ಟೇ ಅನ್ವಯ.

ಕಿವಿಯ ಶಿಲೀಂಧ್ರಕ್ಕೆ ಶೇ. 1 ದ್ರಾವಣ ಹನಿಸುತ್ತಾರೆ. ಮೊದಲು ಕಿವಿಯೊಳಗಿನ ಕೊಳೆ ತೆಗೆಯಬೇಕು, ತಮಟೆ ತೂತಾಗಿಲ್ಲ ಎಂದು ವೈದ್ಯರು ನೋಡಿ ಹೇಳಬೇಕು.

ಪ್ರಶ್ನೆಗಳು

ಹಚ್ಚಿದ ಕೂಡಲೇ ಉರಿಯುತ್ತದೆ, ಅಲರ್ಜಿಯೇ ಎಂದು ಒಬ್ಬರು ಕೇಳಿದರು. ಬಿರುಕುಬಿಟ್ಟ ಚರ್ಮಕ್ಕೆ ಒಂದೆರಡು ನಿಮಿಷ ಚುರುಗುಟ್ಟುವುದು ಸಹಜ, ಆಲ್ಕೋಹಾಲ್ ಇರುವ ದ್ರಾವಣದಲ್ಲಿ ಇನ್ನೂ ಹೆಚ್ಚು. ಹಚ್ಚಿದಷ್ಟೂ ಕೆಂಪು ಹರಡಿ, ನೀರ್ಗುಳ್ಳೆ ಎದ್ದರೆ ಅಲರ್ಜಿ ಎಂದು ಹಿಡಿದು ನಿಲ್ಲಿಸಿ. ತಪ್ಪು ಕ್ಲೋಟ್ರಿಮಜೋಲ್‌ನದೇ ಆಗಿರಬೇಕೆಂದಿಲ್ಲ. ಕ್ರೀಮಿಗೆ ಹದ ಕೊಡುವ ಸೀಟೊಸ್ಟಿಯರಿಲ್ ಆಲ್ಕೋಹಾಲ್, ಕೆಡದಂತೆ ಕಾಯುವ ಬೆಂಜೈಲ್ ಆಲ್ಕೋಹಾಲ್ ಕೂಡ ಇದನ್ನು ಮಾಡಬಲ್ಲವು. ಬೇರೆ ತಳಪಾಯದ ತಯಾರಿಕೆಗೆ ಬದಲಿಸಿದರೆ ಕೆಲವೊಮ್ಮೆ ಸಮಸ್ಯೆ ಬಗೆಹರಿಯುತ್ತದೆ.

ಶಿಲೀಂಧ್ರಗಳು ಔಷಧಕ್ಕೆ ಬಗ್ಗದಂತಾಗಿವೆಯಂತೆ, ನಿಜವೇ? ನಿಜ, ಆದರೆ ಯಾವುದು ಯಾವುದಕ್ಕೆ ಎಂದು ಬಿಡಿಸಿ ನೋಡಬೇಕು. ಕ್ಯಾಂಡಿಡಾದಲ್ಲಿ ಕಿಣ್ವದ ಆಕಾರ ಬದಲಾಗಬಹುದು, ಇಲ್ಲವೇ ಒಳಬಂದ ಔಷಧವನ್ನು ಹೊರದೂಡುವ ಪಂಪುಗಳು ಹೆಚ್ಚಬಹುದು. ಗ್ಲಾಬ್ರಾಟಾ, ಕ್ರುಸೇಯಿ ಎಂಬ ಬಗೆಗಳು ಮೊದಲಿಂದಲೂ ಆಜೋಲ್‌ಗಳಿಗೆ ಅಷ್ಟಾಗಿ ಬಗ್ಗುವವಲ್ಲ. ಹುಳುಕಡ್ಡಿಯಲ್ಲಿ ಈಚೆಗೆ ಸುದ್ದಿಯಲ್ಲಿರುವ ಟ್ರೈಕೊಫೈಟನ್ ಇಂಡೊಟಿನಿಯೇ, ಸ್ಕ್ವಾಲೀನ್ ಹಂತದ ಕಿಣ್ವದ ಮಾರ್ಪಾಟಿನಿಂದ ಹೆಚ್ಚಾಗಿ ಟರ್ಬಿನಾಫಿನ್‌ಗೆ ಬಗ್ಗುವುದಿಲ್ಲ. ಮೈಯಗಲ ಹರಡುವ ಸ್ವಭಾವದ್ದಾದ್ದರಿಂದ ಅದಕ್ಕೆ ಬರೀ ಕ್ರೀಮ್ ನೆಚ್ಚಿಕೊಳ್ಳಲಾಗದು.

ಕೊನೆಯ ಪ್ರಶ್ನೆ ಹಲವರದು: ನಾಲ್ಕು ವಾರ ಕ್ರಮವಾಗಿ ಹಚ್ಚಿದರೂ ಹೋಗಿಲ್ಲ, ಮುಂದೇನು? ಇನ್ನೊಂದು ಕ್ರೀಮ್ ಬೇಡ. ಅದು ಹುಳುಕಡ್ಡಿಯೇ ಹೌದೇ ಎಂದು ಮೊದಲು ನೋಡಬೇಕು. ದುಂಡು ಇಸುಬು, ಸೋರಿಯಾಸಿಸ್, ಪಿಟಿರಿಯಾಸಿಸ್ ರೋಸಿಯಾದ ಮೊದಲ ಮಚ್ಚೆ ಇವೆಲ್ಲ ಉಂಗುರದ ವೇಷ ಹಾಕುತ್ತವೆ. ಪರೀಕ್ಷೆ ಸುಲಭ, ನೋವಿಲ್ಲ. ಎರಡು ವಾರ ಕ್ರೀಮ್ ನಿಲ್ಲಿಸಿ ಹೋಗಿ. ಹಚ್ಚಿಕೊಂಡೇ ಹೋದರೆ ಶಿಲೀಂಧ್ರ ಇದ್ದರೂ ಕಾಣದಿರಬಹುದು. ಅಂಚನ್ನು ಸ್ಪಿರಿಟ್ಟಿನಿಂದ ಒರೆಸಿ, ಮೊಂಡು ಅಲಗಿನಿಂದ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಕೆರೆಯುತ್ತಾರೆ. ಉದುರಿದ ಹೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಹಿಡಿದು, ಶೇ. 10ರಿಂದ 20ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಹಾಕಿ, ಮೇಲೊಂದು ತೆಳುಗಾಜು ಮುಚ್ಚಿ ಹತ್ತು ಹದಿನೈದು ನಿಮಿಷ ಬಿಡುತ್ತಾರೆ. ಚರ್ಮದ ಕೋಶಗಳು ಕರಗಿ ಪಾರದರ್ಶಕವಾಗುತ್ತವೆ, ಶಿಲೀಂಧ್ರದ ಗೋಡೆ ಕರಗುವುದಿಲ್ಲ. ಸೂಕ್ಷ್ಮದರ್ಶಕದ ಬೆಳಕು ತಗ್ಗಿಸಿ ನೋಡಿದರೆ ಕೋಶಗಳ ಗಡಿಯನ್ನು ಲೆಕ್ಕಿಸದೆ ಅಡ್ಡಹಾಯ್ದು ಹೋಗುವ, ಕವಲೊಡೆದ, ಒಂದೇ ಅಗಲದ ಎಳೆಗಳು ಕಾಣುತ್ತವೆ. ಸಿಬ್ಬಾದರೆ ಚಿಕ್ಕ ಬಾಗಿದ ತುಂಡುಗಳ ನಡುವೆ ದುಂಡು ಕಾಳುಗಳ ಗೊಂಚಲು. ಹೊಸಬರು ಎಡವುವುದು ಕೋಶಗಳ ಗಡಿಗೆರೆಯನ್ನೇ ಎಳೆ ಎಂದುಕೊಂಡು. ಗಡಿಗೆರೆ ಕೋಶದ ಸುತ್ತ ತಿರುಗುತ್ತದೆ, ಎಳೆ ಕೋಶವನ್ನು ದಾಟುತ್ತದೆ. ಎಳೆ ಕಂಡರೆ ಕೂದಲ ಬುಡ, ಉಗುರು, ಪ್ರತಿರೋಧ, ಹಿಂದೆ ಬಳಸಿದ ಸ್ಟೀರಾಯ್ಡ್ ಇವುಗಳನ್ನು ವೈದ್ಯರು ಒಂದೊಂದಾಗಿ ವಿಚಾರಿಸುತ್ತಾರೆ, ಬಗೆ ತಿಳಿಯಲು ಕಲ್ಚರಿಗೆ, ಅಂದರೆ ಪ್ರಯೋಗಾಲಯದಲ್ಲಿ ಬೆಳೆಸಿ ನೋಡಲು, ಕಳಿಸುತ್ತಾರೆ. ಅದರ ಫಲಿತಾಂಶಕ್ಕೆ ಎರಡರಿಂದ ನಾಲ್ಕು ವಾರ ಕಾಯಬೇಕು. ಎಳೆ ಕಾಣದಿದ್ದರೆ ಇನ್ನೊಮ್ಮೆ, ಇನ್ನೊಂದು ಅಂಚಿನಿಂದ ಕೆರೆದು ನೋಡುತ್ತಾರೆ.